ಹಳೆಯ ಪೆಟ್ಟಿಗೆಗೆ ಹೊಸ ಹಲಗೆ

ಮುಂಡಗೋಡಿನ ಪೇಟೆಯನ್ನು ಹಿಂದಿಕ್ಕಿ ಲಾಮಾ ಕ್ಯಾಂಪಿನ ಹಾದಿ ಹಿಡಿದವನಿಗೆ, ಗೋವಿನಜೋಳದ ಹೊಲಗಳ ಅಂಚಿನಲ್ಲಿ ಒಮ್ಮೆಲೇ ಹೊನ್ನಬಣ್ಣದ ಶಿಖರಗಳು ತಲೆಯೆತ್ತಿ ಕಾಣುತ್ತವೆ. ಗಾದೆನ್ ಮತ್ತು ಡ್ರೆಪುಂಗ್ ಎಂಬ ಈ ಮಹಾವಿಹಾರಗಳಲ್ಲಿ ಮೊದಲನೆಯದನ್ನು 1409ರಲ್ಲಿ ಬೌದ್ಧಾಚಾರ್ಯ ತ್ಸೋಂಗ್‌ಖಾಪನೂ ಎರಡನೆಯದನ್ನು 1416ರಲ್ಲಿ ಅವನ ಶಿಷ್ಯನೂ ಟಿಬೆಟ್ಟಿನಲ್ಲಿ ಸ್ಥಾಪಿಸಿದರು. 1959ರಲ್ಲಿ ನಾಡು ತೊರೆದ ಭಿಕ್ಷುಗಳು, ಆಂಗ್ಲರು ಒಂದು ಕಾಲಕ್ಕೆ ನಮ್ಮ ಸ್ವಾತಂತ್ರ್ಯಯೋಧರನ್ನು ಕೂಡಿಹಾಕಿದ್ದ ಬಂಗಾಳದ ಬಕ್ಸಾ ಕೋಟೆಯಲ್ಲಿ, ಕ್ಷಯರೋಗಕ್ಕೆ ತಮ್ಮವರನ್ನು ಕಳೆದುಕೊಳ್ಳುತ್ತ ಹತ್ತು ವರ್ಷಗಳನ್ನು ನೂಕಿ, 1966ರಲ್ಲಿ ಮೈಸೂರು ಸರಕಾರವಿತ್ತ ಕಾಡುನೆಲದಲ್ಲಿ ಆರಂಭವಾಗಿದ್ದ ಇಲ್ಲಿಯ ಟಿಬೆಟನ್ ವಸಾಹತಿಗೆ 1969ರ ಸುಮಾರಿಗೆ ಬಂದು ಸೇರಿದರು.

ಹಾಗೆ ಬಂದವರು ಕಲ್ಲನ್ನಾಗಲಿ ಕಂಬವನ್ನಾಗಲಿ ಹೊತ್ತು ತರಲಿಲ್ಲವಷ್ಟೆ. ಆದರೂ ಗಾದೆನ್ನಿನೊಳಗೆ ಶಾರ್ತ್ಸೆ ಮತ್ತು ಜಾಂಗ್ತ್ಸೆ, ಡ್ರೆಪುಂಗಿನೊಳಗೆ ಲೋಸೆಲಿಂಗ್ ಮತ್ತು ಗೋಮಾಂಗ್, ಅವುಗಳೊಳಗೆ ಭಿಕ್ಷುವಿನ ಹುಟ್ಟುಸೀಮೆಯನ್ನನುಸರಿಸಿದ ಖಾಂಗ್ತ್ಸೆನ್ ಎಂಬ ಮನೆಗಳು, ಹೀಗೆ ಅಂಕಣಕ್ಕೆ ಅಂಕಣ ಹಳೆಯದನ್ನೇ ಹೊಸ ನೆಲದ ಮೇಲೆ ಎಳೆದುಕೊಂಡರು. ಬದುಕಿ ಬಂದ ವೃದ್ಧಾಚಾರ್ಯನು ಲ್ಹಾಸಾದ ಬಳಿ ಯಾವ ಸ್ಥಾನದಲ್ಲಿ ಕುಳಿತಿದ್ದನೋ ಅದೇ ಸ್ಥಾನವು ಇಲ್ಲಿಯೂ ಅವನಿಗಾಗಿ ಸಿದ್ಧವಾಯಿತು.

ಈ ವಿಹಾರಗಳ ಕಥೆಯು ನನಗೆ ನೆನಪಾದದ್ದು, ಓದುಗರು ನಕ್ಕರೂ ಚಿಂತೆಯಿಲ್ಲ, ಹಳೆಯ ಮನೆಗಣಕವೊಂದರ ಮುಚ್ಚಳವನ್ನು ತೆಗೆದಾಗ. ಕೇಂಬ್ರಿಜ್ಜಿನ ಸಿಂಕ್ಲೇರ್ ಸಂಸ್ಥೆಯು 1982ರಲ್ಲಿ 125 ಪೌಂಡುಗಳಿಂದ ಆರಂಭಿಸಿ ಮಾರಿದ ಸ್ಪೆಕ್ಟ್ರಮ್ ಅದು. ರಬ್ಬರಿನ ಕೀಲಿಗಳ, ಪುಟ್ಟ ಕಪ್ಪು ಪೆಟ್ಟಿಗೆ. ಇದರ ಮುಂದಿನ ಮಾದರಿಯನ್ನು ಎಂಬತ್ತರ ದಶಕದಲ್ಲಿ ಡೆಸಿಬೆಲ್ಸ್ ಎಂಬ ಕಂಪನಿಯು ಭಾರತದಲ್ಲಿಯೂ ಮಾರಿತ್ತು. ಪರಿಚಿತರೊಬ್ಬರ ಅಟ್ಟದಿಂದ ನನ್ನ ಕೈಸೇರಿದ ಪೆಟ್ಟಿಗೆಯೊಳಗೆ ಎಷ್ಟೋ ಮಳೆಗಾಲಗಳ ತೇವವು ಸೇರಿ, ತಾಮ್ರದ ಗೆರೆಗಳ ಮೇಲೆಲ್ಲ ಹಸಿರು ಕಿಲುಬು ಹಬ್ಬಿತ್ತು. ಬೆರಳು ತಾಗಿಸಿದರೆ ಗೆರೆಯೇ ಪುಡಿಯಾಗಿ ಉದುರುತ್ತಿತ್ತು. ಹುಬ್ಬಳ್ಳಿಯಲ್ಲಿ ರೇಡಿಯೊ ರಿಪೇರಿ ಮಾಡುವ ಸ್ನೇಹಿತರು ಭೂತಗನ್ನಡಿ ಹಿಡಿದು ನೋಡಿ, "ಬೋರ್ಡ್ ಸತ್ತೈತ್ರೀ ಸರ, ಐಸಿ ಮಾತ್ರ ಇನ್ನೂ ಜೀವ ಹಿಡಕೊಂಡಾವ" ಎಂದರು.

ಇಂತಹ ಅನಾಥ ಐಸಿಗಳಿಗೆ ನೆಲೆಯೊದಗಿಸುವುದೇ ಹಳೆಯ ಗಣಕಗಳ ಮದರ್‌ಬೋರ್ಡನ್ನು ಪುನಃ ತಯಾರಿಸುವವರ ಉದ್ಯೋಗ. ಅದರಲ್ಲಿ ಎರಡು ಮಾರ್ಗಗಳುಂಟು. 1994ರಲ್ಲಿ ದಿವಾಳಿಯೆದ್ದ ಕಮೊಡೋರ್ ಸಂಸ್ಥೆಯ 64ರಂತಹ ಯಂತ್ರಗಳ ವಿಷಯದಲ್ಲಿ, ಕೆಟ್ಟ ಹಲಗೆಯೊಂದರ ಬೆಸುಗೆಗಳನ್ನೆಲ್ಲ ಬಿಡಿಸಿ, ಬರಿದಾದ ಎರಡೂ ಮೈಗಳನ್ನು ಸ್ಕ್ಯಾನ್ ಮಾಡಿ, ಒಂದೊಂದು ಗೆರೆಯ ಮೇಲೂ ಗೆರೆಯೆಳೆದು ನಕ್ಷೆಯನ್ನು ಪಿಸಿಬಿ ಕಾರ್ಖಾನೆಗೆ ಕಳುಹಿಸುತ್ತಾರೆ. ತಿರುಪಿನ ತೂತು ಕೂದಲೆಳೆಯಷ್ಟು ಆಚೀಚೆಯಾದರೂ ಹಲಗೆಯು ಹಳೆಯ ಪೆಟ್ಟಿಗೆಯಲ್ಲಿ ಕೂರದು. ಈ ನಕಲು ಸಾಧ್ಯವಾದದ್ದು ಆ ಹಲಗೆಗಳಿಗೆ ಎರಡೇ ಪದರಗಳಿದ್ದ ಕಾರಣದಿಂದ. ಇಂದಿನ ಮೊಬೈಲಿನ ಬಹುಪದರದ ಹಲಗೆಯನ್ನು ಹೀಗೆ ನಕಲಿಸಹೊರಟವನು ಪಾಡುಪಟ್ಟಾನು.

ಎರಡನೆಯ ಮಾರ್ಗವು ಬೇಕಾಗುವುದು ಸ್ಪೆಕ್ಟ್ರಮ್ಮಿನಂಥದಕ್ಕೆ; ಅದರ ಕಷ್ಟವು ಬೇರೆ ಬಗೆಯದು. ಅದರ ಝಡ್-80 ಎಂಬ ಮಿದುಳು 1976ರಿಂದ 2024ರವರೆಗೂ ತಯಾರಾಗುತ್ತಲೇ ಇದ್ದುದರಿಂದ ದುರ್ಲಭವೇನಲ್ಲ. ಚಿತ್ರ, ಸದ್ದು, ಕೀಲಿಗಳ ಕಾರುಬಾರನ್ನೆಲ್ಲ ನೋಡಿಕೊಳ್ಳುತ್ತಿದ್ದ ಯುಎಲ್‌ಎ ಎಂಬುದೋ ಫೆರಾಂಟಿ ಕಂಪನಿಯು ಮಾಡುತ್ತಿದ್ದ ವಿಶೇಷ ಚಿಪ್: ಒಳಗಿನ ಲಾಜಿಕ್ ದ್ವಾರಗಳನ್ನು ಜೋಡಿಸದೆ ಸಿದ್ಧಪಡಿಸಿಟ್ಟು, ಗಿರಾಕಿ ಕೇಳಿದಂತೆ ಕಡೆಯ ಲೋಹದ ಪದರವನ್ನು ಮಾತ್ರ ಹಾಸಿ ಕೊಡುವಂಥದು. ಫೆರಾಂಟಿಯೂ ಹೋಯಿತು, ಚಿಪ್ಪೂ ಹೋಯಿತು. ಆಗ ಕ್ರಿಸ್ ಸ್ಮಿತ್ ಎಂಬ ಆಂಗ್ಲ ತಂತ್ರಜ್ಞರು ಆ ಚಿಪ್ಪಿನ ಒಳಮೈಯನ್ನು ಶೋಧಿಸಿ, ಅದು ನಡೆದುಕೊಳ್ಳುವ ರೀತಿಯನ್ನೆಲ್ಲ 2010ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದುದಲ್ಲದೆ, ಅಂಗಡಿಯಲ್ಲಿ ಸಿಗುವ ಸಾಧಾರಣ ಲಾಜಿಕ್ ಚಿಪ್ಪುಗಳಿಂದಲೇ ಅದೇ ಕೆಲಸವನ್ನು ಮಾಡಿಸುವ ಹಾರ್ಲೆಕ್ವಿನ್ ಎಂಬ ವಿದ್ಯುನ್ಮಂಡಲವನ್ನೂ ರಚಿಸಿದರು. ತರುವಾಯ ಇತರರು ಅದನ್ನು ಮೂಲ ಪೆಟ್ಟಿಗೆಯೊಳಗೇ ಕೂರುವ ಹಲಗೆಯಾಗಿಸಿದರು. ಹಳೆಯ ಪೆಟ್ಟಿಗೆಯ ಪಕ್ಕೆಯನ್ನು ಕೊರೆದು ಹೊಸಕಾಲದ ಸಾಕೆಟ್ಟುಗಳನ್ನು ತೂರಿಸುವವರೂ ಇದ್ದಾರೆ. ಅವರ ಉತ್ಸಾಹಕ್ಕೆ ನನ್ನ ಸಮ್ಮತಿಯಿಲ್ಲ.

ಗೋಮಾಂಗಿನ ಅಂಗಳದಲ್ಲಿ ಭಿಕ್ಷುಗಳ ಸಂಜೆಯ ಶಾಸ್ತ್ರವಾದ ಆರಂಭವಾದಾಗ, ಪ್ರಶ್ನೆ ಹಾಕುವ ತರುಣನು ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ ಅಂಗೈಗೆ ಅಂಗೈ ಹೊಡೆಯುವ ಸದ್ದನ್ನು ಕೇಳಿದರೆ, ಹಾರ್ಲೆಕ್ವಿನ್ನಿನ ಬಗೆ ಅರ್ಥವಾಗುತ್ತದೆ. ಬಕ್ಸಾದಿಂದ ಬಂದವರಲ್ಲಿ ಉಳಿದವರು ಈಗ ವಿರಳ, ವಾದಿಸುವವರೆಲ್ಲ ಹೊಸಬರು. ಆದರೂ ಪ್ರಶ್ನೆಯ ವರಸೆ, ಉತ್ತರಿಸುವವನು ಕೂರುವ ಭಂಗಿ, ತಪ್ಪಿದಾಗ ಏಳುವ ಗದ್ದಲ, ಇವೆಲ್ಲ ತಮ್ಮ ತಮ್ಮ ಸ್ಥಾನದಲ್ಲಿವೆ.

ನನ್ನ ಹೊಸ ಹಲಗೆಯು ಸಿದ್ಧವಾದದ್ದು ಹುಬ್ಬಳ್ಳಿಯ ಆ ಸ್ನೇಹಿತರ ಮೇಜಿನ ಮೇಲೆ. ಹಳೆಯ ಝಡ್-80ಅನ್ನು ಬೆಸುಗೆ ಬಿಡಿಸಿ ಹೊಸ ಸಾಕೆಟ್ಟಿಗೆ ಮೆಲ್ಲನೆ ಒತ್ತಿ, ರಬ್ಬರ್ ಕೀಲಿಗಳ ತೆಳ್ಳನೆಯ ಪಟ್ಟಿಯನ್ನು ಸೀಳಿನಲ್ಲಿ ಇಳಿಸಿ, ಅಂಗಡಿಯ ಮೂಲೆಯಲ್ಲಿದ್ದ ಹಳೆಯ ಟಿವಿಗೆ ತಂತಿ ಹಚ್ಚಿ ಸ್ವಿಚ್ ಒತ್ತಿದರು. ತೆರೆಯು ಒಮ್ಮೆ ಕಪ್ಪಾಗಿ, ಮರುಕ್ಷಣ ಬೆಳ್ಳಗಾಗಿ, ಅಡಿಯಲ್ಲಿ ಸಿಂಕ್ಲೇರ್ ಸಂಸ್ಥೆಯ ಹೆಸರೂ 1982 ಎಂಬ ವರ್ಷವೂ ಮೂಡಿದವು.