ಬಿಬಿಸಿ ಮೈಕ್ರೋ ಗಣಕದ ಆರಂಭದ ದೋಷಗಳು

ಬಿಬಿಸಿ ಮೈಕ್ರೋ ಎಂಬುದು ಇಂಗ್ಲೆಂಡಿನ ಕೇಂಬ್ರಿಡ್ಜ್ ನಗರದ ಅಕಾರ್ನ್ ಕಂಪ್ಯೂಟರ್ಸ್ ಸಂಸ್ಥೆಯು ಬಿಬಿಸಿಯ ಗಣಕ ಸಾಕ್ಷರತಾ ಯೋಜನೆಗಾಗಿ ತಯಾರಿಸಿದ ಎಂಟು ಬಿಟ್‌ಗಳ ಗೃಹ ಗಣಕವಾಗಿದೆ. 1981ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಈ ಯಂತ್ರದ ವಿನ್ಯಾಸದಲ್ಲಿ ಸ್ಟೀವ್ ಫರ್ಬರ್ ಮತ್ತು ಸೋಫಿ ವಿಲ್ಸನ್ ಪ್ರಮುಖ ಪಾತ್ರ ವಹಿಸಿದರು. ಭಾರತದಲ್ಲಿ 1984–85ರಲ್ಲಿ ಆರಂಭವಾದ ‘ಕ್ಲಾಸ್’ ಎಂಬ ಶಾಲಾ ಗಣಕ ಶಿಕ್ಷಣ ಯೋಜನೆಗೆ ಆರಿಸಿಕೊಂಡದ್ದೂ ಇದೇ ಗಣಕವನ್ನು. ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ ಇದನ್ನು ‘ಎಸ್‌ಸಿಎಲ್ ಯೂನಿಕಾರ್ನ್’ ಎಂಬ ಹೆಸರಿನಲ್ಲಿ ದೇಶದೊಳಗೆ ತಯಾರಿಸಿತು. ನಾಲ್ಕು ದಶಕ ದಾಟಿದ ಈ ಯಂತ್ರಗಳು ಸ್ವಿಚ್ ಹಾಕಿದಾಗ ಆರಂಭವಾಗದಿರುವುದಕ್ಕೆ ಕಾರಣಗಳೇನು, ಅವುಗಳನ್ನು ಯಾವ ಕ್ರಮದಲ್ಲಿ ಪತ್ತೆ ಹಚ್ಚಬೇಕು ಎಂಬುದನ್ನು ಈ ಲೇಖನವು ವಿವರಿಸುತ್ತದೆ. ಮುಖ್ಯವಾಗಿ 32 ಕೆ ಮೆಮೊರಿಯುಳ್ಳ ‘ಬಿ’ ಮಾದರಿಯನ್ನು ಇಲ್ಲಿ ಗಮನದಲ್ಲಿಟ್ಟುಕೊಳ್ಳಲಾಗಿದೆ.

ಮೊದಲ ಎಚ್ಚರಿಕೆ

ಬಹುಕಾಲ ಬಳಸದೆ ಇಟ್ಟಿದ್ದ ಯಂತ್ರವನ್ನು ನೇರವಾಗಿ ವಿದ್ಯುತ್ತಿಗೆ ಜೋಡಿಸುವುದು ತರವಲ್ಲ. ಇದರ ವಿದ್ಯುತ್ ಪೂರೈಕೆ ಘಟಕದಲ್ಲಿ, ಮುಖ್ಯ ವಿದ್ಯುತ್ತಿನಲ್ಲಿ ಬರುವ ಗೊಂದಲವನ್ನು ಸೋಸುವ ಎರಡು ಕೆಪಾಸಿಟರ್‌ಗಳಿರುತ್ತವೆ. ಅನೇಕ ಯಂತ್ರಗಳಲ್ಲಿ ಇವು ‘ರಿಫಾ’ ಹೆಸರಿನವು. ಹಳದಿ ಛಾಯೆಯ ಪಾರದರ್ಶಕ ರಾಳದೊಳಗೆ ಲೋಹಲೇಪಿತ ಕಾಗದವನ್ನು ಸುತ್ತಿ ಮಾಡಿದವು. ಕಾಲಕ್ರಮದಲ್ಲಿ ರಾಳವು ಬಿರುಕು ಬಿಡುತ್ತದೆ, ಬಿರುಕಿನ ಮೂಲಕ ತೇವಾಂಶ ಕಾಗದವನ್ನು ಸೇರುತ್ತದೆ, ಒಂದು ದಿನ ಒಳಗೆ ಶಾರ್ಟ್ ಆಗಿ ಕೆಪಾಸಿಟರ್ ಸಿಡಿಯುತ್ತದೆ. ಕೋಣೆಯ ತುಂಬ ಕಟುವಾಸನೆಯ ಹೊಗೆ ಏಳುತ್ತದೆ. ಕರಾವಳಿ, ಮಲೆನಾಡುಗಳಂತಹ ಮಳೆ ಹೆಚ್ಚಿರುವ ಕಡೆ ಇರಿಸಿದ ಯಂತ್ರಗಳಲ್ಲಿ ಈ ಅಪಾಯ ಇನ್ನೂ ಹೆಚ್ಚೆಂದು ಭಾವಿಸಬಹುದು. ವಿಶೇಷವೆಂದರೆ, ಹೊಗೆ ಬಂದ ನಂತರವೂ ಗಣಕವು ಕೆಲಸ ಮಾಡುತ್ತಲೇ ಇರುವುದುಂಟು. ಏಕೆಂದರೆ ಈ ಕೆಪಾಸಿಟರ್‌ಗಳು ಗೊಂದಲವನ್ನು ತಡೆಯುವುದಕ್ಕಷ್ಟೇ ಇರುವಂಥವು. ಹಾಗೆಂದು ಅವುಗಳನ್ನು ತೆಗೆದುಹಾಕಿ ಸುಮ್ಮನಿರುವುದೂ ಸರಿಯಲ್ಲ. ಅದೇ ಮೌಲ್ಯದ, ‘ಎಕ್ಸ್2’ ವರ್ಗದ ಹೊಸ ಕೆಪಾಸಿಟರ್‌ಗಳನ್ನು ಹಾಕಿಸಬೇಕು.

ಘಟಕದೊಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೀರಿದ ವಿದ್ಯುತ್ತು ಶೇಖರವಾಗಿರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲಕಾಲ ಉಳಿದಿರುತ್ತದೆ. ಆದ್ದರಿಂದ ಈ ಲೋಹದ ಪೆಟ್ಟಿಗೆಯನ್ನು ಬಿಚ್ಚುವ ಕೆಲಸವನ್ನು ಅನುಭವವುಳ್ಳ ತಂತ್ರಜ್ಞರಿಗೇ ಬಿಡುವುದು ಕ್ಷೇಮ. ಗಣಕದ ಉಳಿದ ಭಾಗಗಳಲ್ಲಿ ಇರುವುದು ಕಡಿಮೆ ವೋಲ್ಟೇಜ್ ಮಾತ್ರ. ಅಲ್ಲಿನ ಪರೀಕ್ಷೆಗಳನ್ನು ಆಸಕ್ತ ವಿದ್ಯಾರ್ಥಿಯೂ ಮಾಡಬಹುದು. ಹಿಂಬದಿಯಲ್ಲಿ ಎರಡು, ತಳದಲ್ಲಿ ಎರಡು ತಿರುಪುಗಳನ್ನು ಬಿಚ್ಚಿದರೆ ಮುಚ್ಚಳ ಕಳಚುತ್ತದೆ.

ಆರಂಭದ ಧ್ವನಿ

ಸುಸ್ಥಿತಿಯಲ್ಲಿರುವ ಬಿಬಿಸಿ ಮೈಕ್ರೋ ಸ್ವಿಚ್ ಹಾಕಿದೊಡನೆ ಎರಡು ಸ್ವರಗಳನ್ನು ಹೊರಡಿಸುತ್ತದೆ. ಮೊದಲು ಒಂದು ತಗ್ಗಿದ ಗುನುಗು, ಆಮೇಲೆ ಒಂದು ಎತ್ತರದ ‘ಬೀಪ್’. ಇದು ಸ್ವಾಗತ ಧ್ವನಿಯೆಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಮೊದಲ ಸ್ವರವನ್ನು ಯಾರೂ ಉದ್ದೇಶಪೂರ್ವಕವಾಗಿ ಇಟ್ಟದ್ದಲ್ಲ. ಎಸ್ಎನ್ 76489 ಎಂಬ ಧ್ವನಿ ಚಿಪ್‌ಗೆ ವಿದ್ಯುತ್ತು ತಲುಪಿದ ಕೂಡಲೇ ಅದು ತನ್ನಷ್ಟಕ್ಕೆ ತಾನೇ ಸದ್ದು ಮಾಡಲು ತೊಡಗುತ್ತದೆ. ಕೇಂದ್ರ ಸಂಸ್ಕಾರಕವಾದ 6502 ಎಚ್ಚೆತ್ತು, ಕಾರ್ಯನಿರ್ವಹಣಾ ತಂತ್ರಾಂಶದ ಆಜ್ಞೆಗಳನ್ನು ಪಾಲಿಸುತ್ತ ಹೋಗಿ, ಧ್ವನಿ ಚಿಪ್ಪನ್ನು ಸುಮ್ಮನಾಗಿಸಿದಾಗ ಆ ಗುನುಗು ನಿಲ್ಲುತ್ತದೆ. ನಂತರ ಪರದೆಯ ಮೇಲೆ ‘ಬಿಬಿಸಿ ಕಂಪ್ಯೂಟರ್ 32ಕೆ’ ಎಂಬ ಸಾಲು ಮುದ್ರಿತವಾಗುತ್ತದೆ. ಆ ಸಾಲಿನ ಕೊನೆಯಲ್ಲಿರುವ ಗಂಟೆಯ ಸಂಕೇತವೇ ಎರಡನೆಯ ಸ್ವರ.

ಹೀಗಾಗಿ ಯಂತ್ರವು ಎಲ್ಲಿಯವರೆಗೆ ಸಾಗಿ ಎಲ್ಲಿ ನಿಂತಿತೆಂಬುದನ್ನು ಯಾವ ಉಪಕರಣವೂ ಇಲ್ಲದೆ ಕಿವಿಯಿಂದಲೇ ಗುರುತಿಸಬಹುದು. ಯಾವ ಸದ್ದೂ ಇಲ್ಲದಿದ್ದರೆ ಮೊದಲು ವಿದ್ಯುತ್ ಪೂರೈಕೆಯನ್ನು ಸಂಶಯಿಸಬೇಕು. ಗುನುಗು ನಿಲ್ಲದೆ ಒಂದೇ ಸಮನೆ ಮುಂದುವರಿದರೆ ವಿದ್ಯುತ್ತಿದೆ, ಆದರೆ ಸಂಸ್ಕಾರಕವು ತನ್ನ ಕೆಲಸವನ್ನು ಪೂರೈಸುತ್ತಿಲ್ಲ ಎಂದರ್ಥ. ಎರಡೂ ಸ್ವರಗಳು ಸರಿಯಾಗಿ ಕೇಳಿ ಪರದೆ ಮಾತ್ರ ಕಪ್ಪಾಗಿದ್ದರೆ ದೋಷವು ಚಿತ್ರದ ಭಾಗದಲ್ಲಿ, ಇಲ್ಲವೇ ಟಿವಿಯಲ್ಲಿ ಇರುತ್ತದೆ. ಹಳೆಯ ಯಂತ್ರಗಳ ದುರಸ್ತಿಗೆ ಕುಳಿತವರು ಸಾಮಾನ್ಯವಾಗಿ ಪರದೆಯನ್ನೇ ದಿಟ್ಟಿಸುತ್ತಾರೆ. ಈ ಯಂತ್ರದ ಮಟ್ಟಿಗೆ ಕೇಳುವುದೇ ಹೆಚ್ಚು ಫಲಕಾರಿ.

ನಿಲ್ಲದ ಗುನುಗು

ಅತ್ಯಂತ ಸಾಮಾನ್ಯವಾದ ದೋಷ ಇದು. ಸುಲಭವಾದ ಕಾರಣಗಳಿಂದ ಆರಂಭಿಸುವುದು ವಿವೇಕ. ಕೀಲಿಮಣೆಯ ‘ಬ್ರೇಕ್’ ಕೀಲಿಯು ಸಂಸ್ಕಾರಕದ ರೀಸೆಟ್ ತಂತಿಗೆ ನೇರವಾಗಿ ಸೇರಿದೆ. ಧೂಳು ಕಟ್ಟಿ ಅದು ಒತ್ತಿದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಯಂತ್ರವು ಎಂದಿಗೂ ಎಚ್ಚರಗೊಳ್ಳುವುದಿಲ್ಲ. ಕೀಲಿಮಣೆಯಿಂದ ಮುಖ್ಯ ಫಲಕಕ್ಕೆ ಹೋಗುವ ಪಟ್ಟಿ ತಂತಿಯು ಸರಿದು ಕುಳಿತಿದ್ದರೂ ತೊಂದರೆಯಾಗುತ್ತದೆ.

ಮುಂದಿನದು ವೋಲ್ಟೇಜ್. ವಿದ್ಯುತ್ ಪೂರೈಕೆ ಘಟಕದಿಂದ ಮುಖ್ಯ ಫಲಕಕ್ಕೆ ಮೂರು ಜೋಡಿ ಕೆಂಪು ಮತ್ತು ಕಪ್ಪು ತಂತಿಗಳು ಬರುತ್ತವೆ. ಕೆಂಪು ತಂತಿಗಳಲ್ಲಿ 5 ವೋಲ್ಟ್ ಇರಬೇಕು. ಮಲ್ಟಿಮೀಟರ್‌ನ ತುದಿಯನ್ನು ತಂತಿಗಿಂತ ಯಾವುದಾದರೊಂದು ಚಿಪ್‌ನ ಕಾಲಿಗೇ ಹಿಡಿದು ಅಳೆಯುವುದು ಒಳ್ಳೆಯದು. ತುಕ್ಕು ಹಿಡಿದ ಕೊಂಡಿಯಲ್ಲಿ ವೋಲ್ಟೇಜ್ ಕುಸಿದಿದ್ದರೆ ಆಗ ಮಾತ್ರ ತಿಳಿಯುತ್ತದೆ. 4.75 ವೋಲ್ಟ್‌ಗಿಂತ ಕಡಿಮೆಯಾದರೆ ಚಿಪ್‌ಗಳ ವರ್ತನೆಯನ್ನು ನಂಬಲಾಗದು.

ವೋಲ್ಟೇಜ್ ಸರಿಯಿದ್ದರೆ ಚಿಪ್‌ಗಳ ಸಾಕೆಟ್‌ಗಳತ್ತ ಗಮನ ಹರಿಸಬೇಕು. ಯಂತ್ರವು ಕಾಯುವುದು, ತಣಿಯುವುದು ಹೀಗೆ ಸಾವಿರಾರು ಬಾರಿ ಆದಾಗ ಸಾಕೆಟ್‌ಗಳಲ್ಲಿರುವ ಚಿಪ್‌ಗಳು ಕೂದಲೆಳೆಯಷ್ಟು ಮೇಲೇಳುತ್ತವೆ. ಕಾಲುಗಳ ಮೇಲೆ ಕಿಲುಬು ಕೂಡುತ್ತದೆ. ಫಲಕದ ಮುಂಭಾಗದಲ್ಲಿ, ಕೀಲಿಮಣೆಯ ಅಡಿಯಲ್ಲಿ, ಬಲಗಡೆಗೆ ಐದು ರೋಮ್ ಸಾಕೆಟ್‌ಗಳಿವೆ. ಅವುಗಳಲ್ಲಿ ‘ಐಸಿ 51’ ಎಂಬ ಗುರುತುಳ್ಳದ್ದೇ ಕಾರ್ಯನಿರ್ವಹಣಾ ತಂತ್ರಾಂಶದ ಸ್ಥಾನ. ಅದಿಲ್ಲದೆ ಯಂತ್ರ ಒಂದು ಹೆಜ್ಜೆಯನ್ನೂ ಇಡಲಾರದು. ಚಿಪ್ಪನ್ನು ಎರಡೂ ತುದಿಗಳಿಂದ ಸಮನಾಗಿ ಎತ್ತಿ, ಕಾಲುಗಳನ್ನು ಶುದ್ಧಗೊಳಿಸಿ, ಮತ್ತೆ ಒತ್ತಿ ಕೂರಿಸಬೇಕು. ತೆಗೆಯುವ ಮೊದಲೇ ಅದರ ತುದಿಯ ಕಚ್ಚು ಯಾವ ದಿಕ್ಕಿಗಿದೆಯೆಂದು ಬರೆದಿಟ್ಟುಕೊಳ್ಳುವುದು ಅಗತ್ಯ. ತಿರುಗಿಸಿ ಹಾಕಿದ ರೋಮ್ ಕೆಲವೇ ಕ್ಷಣಗಳಲ್ಲಿ ಸುಟ್ಟುಹೋಗಬಹುದು. ಕೆಟ್ಟುಹೋಗಿವೆಯೆಂದು ಮೂಲೆಗಿಟ್ಟ ಯಂತ್ರಗಳಲ್ಲಿ ಕೆಲವು ಇಷ್ಟರಿಂದಲೇ ಎದ್ದು ಕೂರುತ್ತವೆ.

ಇದಾದ ಮೇಲೆ ನೋಡಬೇಕಾದದ್ದು 6522 ಚಿಪ್. ಈ ಯಂತ್ರದಲ್ಲಿ ಎರಡು 6522ಗಳಿವೆ. ‘ಐಸಿ 3’ ಎಂಬುದು ಕೀಲಿಮಣೆ, ಧ್ವನಿ ಮೊದಲಾದವನ್ನು ನಿಯಂತ್ರಿಸುತ್ತದೆ. ಯಂತ್ರವನ್ನು ಈಗಷ್ಟೇ ಹೊತ್ತಿಸಿದ್ದೇ ಅಥವಾ ಬ್ರೇಕ್ ಕೀಲಿ ಒತ್ತಿದ್ದೇ ಎಂಬುದನ್ನೂ ತಂತ್ರಾಂಶವು ಇದರ ಸ್ಥಿತಿಯನ್ನು ನೋಡಿಯೇ ನಿರ್ಧರಿಸುತ್ತದೆ. ‘ಐಸಿ 69’ ಎಂಬುದು ಮುದ್ರಣಯಂತ್ರ ಮತ್ತು ಬಳಕೆದಾರರ ಪೋರ್ಟ್‌ಗಾಗಿ ಇದೆ. ಆರಂಭಕ್ಕೆ ಅದರ ಅಗತ್ಯವಿಲ್ಲ. ಎರಡೂ ಸಾಕೆಟ್‌ನಲ್ಲಿದ್ದರೆ ಅದಲು ಬದಲು ಮಾಡಿ ನೋಡುವುದು ಖರ್ಚಿಲ್ಲದ ಪರೀಕ್ಷೆ. ಗುನುಗು ನಿಂತು ಯಂತ್ರ ಆರಂಭವಾದರೆ ದೋಷ ಸಿಕ್ಕಿತೆಂದೇ ಲೆಕ್ಕ.

ಇವೆಲ್ಲ ವಿಫಲವಾದರೆ ಉಳಿಯುವುದು 16 ಮೆಮೊರಿ ಚಿಪ್‌ಗಳ ಪರಿಶೀಲನೆ. ಶ್ರಮದ ಕೆಲಸವಿದು. ಬೆರಳಿಟ್ಟಾಗ ಉಳಿದವುಗಳಿಗಿಂತ ತೀರ ಬಿಸಿಯಾಗಿರುವ ಚಿಪ್ ಮೊದಲ ಶಂಕಿತ. ಕಾರಣ ತಿಳಿಯದೆ ಫಲಕದ ಮೇಲಿನ ಎಲ್ಲ ಭಾಗಗಳನ್ನೂ ಸಾಲಾಗಿ ಬದಲಿಸಿಬಿಡುವ ಪದ್ಧತಿಯೊಂದು ಹವ್ಯಾಸಿಗಳಲ್ಲಿದೆ. ನಿಷ್ಪ್ರಯೋಜಕವಾದ ಬೆಸುಗೆ ಕೆಲಸದಿಂದ ಫಲಕದ ತೆಳುವಾದ ತಾಮ್ರದ ಗೆರೆಗಳು ಕಿತ್ತುಬರುವ ಅಪಾಯವಿರುವುದರಿಂದ ಇದನ್ನು ಅನುಸರಿಸದಿರುವುದೇ ಲೇಸು.

ಪರದೆಯ ಸಂದೇಶಗಳು

ಯಂತ್ರ ಅರ್ಧ ಆರಂಭವಾದಾಗ ಪರದೆಯ ಮೇಲಿನ ಬರಹವೇ ದಾರಿ ತೋರುತ್ತದೆ. ‘ಬಿಬಿಸಿ ಕಂಪ್ಯೂಟರ್ 32ಕೆ’ ಎಂದು ಬಂದು, ಅದರ ಕೆಳಗೆ ‘ಲ್ಯಾಂಗ್ವೇಜ್?’ ಎಂಬ ಪ್ರಶ್ನೆ ಕಾಣಿಸಿದರೆ ಗಾಬರಿಗೆ ಕಾರಣವಿಲ್ಲ. ಕಾರ್ಯನಿರ್ವಹಣಾ ತಂತ್ರಾಂಶವು ಸರಿಯಾಗಿದೆ, ಆದರೆ ಬೇಸಿಕ್ ಭಾಷೆಯ ರೋಮ್ ಅದಕ್ಕೆ ಸಿಗುತ್ತಿಲ್ಲ ಎಂದಷ್ಟೇ ಇದರ ಅರ್ಥ; ಸಾಮಾನ್ಯವಾಗಿ ‘ಐಸಿ 52’ರಲ್ಲಿರುವ ಆ ಚಿಪ್ಪನ್ನು ಮತ್ತೆ ಸರಿಯಾಗಿ ಕೂರಿಸಿದರೆ ಸಾಕು. ‘ಬಿ’ ಮಾದರಿಯಲ್ಲಿ ‘16ಕೆ’ ಎಂದು ತೋರಿಸಿದರೆ ಅರ್ಧದಷ್ಟು ಮೆಮೊರಿ ಪತ್ತೆಯಾಗಿಲ್ಲವೆಂದು ತಿಳಿಯಬೇಕು. ಡಿಸ್ಕ್ ಸೌಲಭ್ಯವಿರುವ ಯಂತ್ರದಲ್ಲಿ ‘ಅಕಾರ್ನ್ ಡಿಎಫ್ಎಸ್’ ಎಂಬ ಸಾಲು ಕಾಣದಿದ್ದರೆ ಡಿಸ್ಕ್ ರೋಮ್‌ನ ಸಂಪರ್ಕವನ್ನು ನೋಡಬೇಕು.

ಪರದೆ ಕಪ್ಪಾಗಿದ್ದು ಸ್ವರಗಳು ಸರಿಯಾಗಿ ಕೇಳಿದಾಗ ಕುರುಡಾಗಿ ಟೈಪ್ ಮಾಡಿ ಪರೀಕ್ಷಿಸಬಹುದು. ‘ಕಂಟ್ರೋಲ್’ ಮತ್ತು ‘ಜಿ’ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಬೀಪ್ ಬಂದರೆ ಸಂಸ್ಕಾರಕ, ಕೀಲಿಮಣೆ, ಬೇಸಿಕ್ ಎಲ್ಲವೂ ಕೆಲಸ ಮಾಡುತ್ತಿವೆ. ಯಂತ್ರವು ‘ಮೋಡ್ 7’ ಎಂಬ ಟೆಲಿಟೆಕ್ಸ್ಟ್ ವಿಧಾನದಲ್ಲಿ ಆರಂಭವಾಗುತ್ತದೆ. ಅದರ ಅಕ್ಷರಗಳನ್ನು ರಚಿಸುವುದು ಎಸ್ಎಎ 5050 ಎಂಬ ಪ್ರತ್ಯೇಕ ಚಿಪ್. ಆದ್ದರಿಂದ ‘ಮೋಡ್ 6’ ಎಂದು ಟೈಪ್ ಮಾಡಿ ‘ರಿಟರ್ನ್’ ಒತ್ತಿದಾಗ ಅಕ್ಷರಗಳು ಮೂಡಿದರೆ ತಪ್ಪು ಆ ಚಿಪ್‌ನ ಸುತ್ತಮುತ್ತಲಿದೆ. ಎರಡೂ ವಿಧಾನಗಳಲ್ಲಿ ಚಿತ್ರವಿಲ್ಲದಿದ್ದರೆ, ಅಥವಾ ಆರಂಭದಲ್ಲಿ ಸರಿಯಿದ್ದ ಚಿತ್ರ ಕಾದಂತೆಲ್ಲ ಚೂರುಚೂರಾದರೆ, ‘ವಿಡಿಯೋ ಯುಎಲ್ಎ’ ಚಿಪ್ಪನ್ನು ಪರಿಶೀಲಿಸಬೇಕು. ಮೊದಲ ವರ್ಷಗಳ ಯಂತ್ರಗಳಲ್ಲಿ ಇದು ಬಹಳ ಬಿಸಿಯಾಗುತ್ತಿದ್ದುದರಿಂದ ಮೇಲೆ ಶಾಖ ಹೀರುವ ಲೋಹದ ತುಂಡನ್ನು ಅಂಟಿಸಲಾಗಿತ್ತು. ಆ ತುಂಡು ಕಳಚಿ ಬಿದ್ದಿದೆಯೇ ಎಂದು ನೋಡುವುದು ಒಳಿತು.

‘ಬಿ’ ಮಾದರಿಯ ಕಾಂಪೊಸಿಟ್ ವಿಡಿಯೋ ಕಿಂಡಿಯಿಂದ ಕಪ್ಪು-ಬಿಳುಪು ಚಿತ್ರ ಬರುವುದು ದೋಷವಲ್ಲ. ಕಾರ್ಖಾನೆಯಿಂದ ಬಂದ ಯಂತ್ರದಲ್ಲಿ ಅದು ಇರುವುದೇ ಹಾಗೆ. ಬಣ್ಣ ಬೇಕಾದವರು ಆರ್‌ಜಿಬಿ ಕಿಂಡಿಯನ್ನು ಬಳಸಬೇಕು, ಇಲ್ಲವೇ ಫಲಕದ ಮೇಲಿನ ‘ಎಸ್39’ ಕೊಂಡಿಯನ್ನು ಜೋಡಿಸಬೇಕು.

ಮಾಸ್ಟರ್ ಮಾದರಿ

1986ರಲ್ಲಿ ಬಂದ ಬಿಬಿಸಿ ಮಾಸ್ಟರ್ 128ರಲ್ಲಿ ಆರಂಭದ ಆಯ್ಕೆಗಳನ್ನು ಬ್ಯಾಟರಿಯ ಆಧಾರದ ಮೇಲೆ ನಿಂತ ಸಣ್ಣ ಮೆಮೊರಿಯಲ್ಲಿ ಉಳಿಸಲಾಗುತ್ತದೆ. ಬ್ಯಾಟರಿ ಬತ್ತಿದರೆ ಆಯ್ಕೆಗಳು ಕೆಟ್ಟು, ಯಂತ್ರವು ತಪ್ಪು ರೋಮ್‌ಗೆ ಹೋಗಿ ನಿಂತುಬಿಡಬಹುದು. ‘ಆರ್’ ಕೀಲಿಯನ್ನು ಒತ್ತಿ ಹಿಡಿದು ಸ್ವಿಚ್ ಹಾಕಿ, ಆಮೇಲೆ ‘ಬ್ರೇಕ್’ ಒತ್ತಿದರೆ ಅವು ಮೂಲ ಸ್ಥಿತಿಗೆ ಮರಳುತ್ತವೆ. ಸೋರಿದ ಬ್ಯಾಟರಿಯ ರಸವು ತಾಮ್ರದ ಗೆರೆಗಳನ್ನು ತಿನ್ನುವುದರಿಂದ ಹಳೆಯ ಬ್ಯಾಟರಿಯನ್ನು ಯಂತ್ರದೊಳಗೆ ಬಿಡಬಾರದು.