ಮಕ್ಕಳ ಸೇವಾ ಸಂಸ್ಥೆಗಳಿಗೆ ಯೋಜನಾ ನೆರವು: ಅರ್ಜಿ ಬರೆಯುವ ಮೊದಲು ತಿಳಿದಿರಬೇಕಾದ ವಿಷಯಗಳು

ಯಾವಗಲ್ ಗದಗ ಜಿಲ್ಲೆಯ ರೋಣ ತಾಲೂಕಿನ ಒಂದು ಹಳ್ಳಿ. ಮಲಪ್ರಭೆಯನ್ನು ಸೇರುವ ಬೆಣ್ಣೆಹಳ್ಳ ಹರಿಯುವುದು ಈ ಸೀಮೆಯಲ್ಲೇ. ಎರೆಭೂಮಿಯ ಈ ಭಾಗದಲ್ಲಿ ಮಳೆ ಕೈಕೊಟ್ಟರೆ ಬರ, ಅತಿಯಾದರೆ ನೆರೆ. 2009ರಲ್ಲೂ 2019ರಲ್ಲೂ ರೋಣ, ನರಗುಂದ ಭಾಗದ ನದಿ-ಹಳ್ಳದ ದಂಡೆಯ ಊರುಗಳು ನೆರೆಯಿಂದ ಬಹಳ ನಷ್ಟ ಅನುಭವಿಸಿದವು. ಇಂಥ ಊರುಗಳಿಂದ ಕೂಲಿಗಾಗಿ ಮಂಗಳೂರು, ಉಡುಪಿ, ಗೋವಾ ಕಡೆಗೆ ಗುಳೆ ಬರುವ ಕುಟುಂಬಗಳನ್ನು ಕರಾವಳಿಯ ನಾವೆಲ್ಲರೂ ಬಲ್ಲೆವು. 'ಘಟ್ಟದ ಮೇಲಿನವರು' ಎಂದು ನಾವು ಕರೆಯುವುದು ಅವರನ್ನೇ. ನಮ್ಮ ಇಗರ್ಜಿ, ಶಾಲೆ, ಮನೆಗಳ ಕಟ್ಟಡದ ಕೆಲಸದಲ್ಲೂ ಅವರ ಬೆವರಿದೆ.

ಅವರ ಮಕ್ಕಳ ಸ್ಥಿತಿ ಕಂಡು ಮರುಗಿದ ಧರ್ಮಕೇಂದ್ರಗಳಿಂದ ಸಾಮಾನ್ಯವಾಗಿ ಬರುವ ಪ್ರಶ್ನೆ ಒಂದೇ: "ಫಾದರ್, ಈ ಮಕ್ಕಳಿಗಾಗಿ ಒಂದು ಹಾಸ್ಟೆಲ್ ಕಟ್ಟಲು ಯಾವ ಸಂಸ್ಥೆಗೆ ಪ್ರಾಜೆಕ್ಟ್ ಬರೆಯಬೇಕು?" ಉದ್ದೇಶ ಒಳ್ಳೆಯದೇ. ಆದರೆ ಅರ್ಜಿ ಕಟ್ಟಡದಿಂದ ಅಲ್ಲ, ಮಗುವಿನಿಂದ ಮತ್ತು ಅದರ ಮನೆಯಿಂದ ಆರಂಭವಾಗಬೇಕು ಎಂಬುದನ್ನು ಈ ಲೇಖನದಲ್ಲಿ ತಿಳಿಸಲು ಬಯಸುತ್ತೇವೆ.

ಏಕೆ ಈ ಬದಲಾವಣೆ?

ಕರಾವಳಿಯ ಧರ್ಮಸಭೆಗೆ ಅನಾಥ ಮಕ್ಕಳ ಸೇವೆ ಹೊಸದಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ಈ ಸೇವೆ 19ನೇ ಶತಮಾನದಿಂದಲೇ ನಡೆದುಬಂದಿದೆ. ರೋಗರುಜಿನಗಳಿಂದ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ಅಂದು ಬೇರೆ ಆಸರೆ ಇರಲಿಲ್ಲ. ಇಂದು ಆಶ್ರಯ ಬೇಡಿ ಬರುವ ಮಕ್ಕಳಲ್ಲಿ ಅನೇಕರಿಗೆ ತಾಯಿಯಾದರೂ ಇದ್ದಾಳೆ. ಇಲ್ಲದಿರುವುದು ಅನ್ನ ಮತ್ತು ಶಾಲೆಯ ಖರ್ಚಿನ ಹಣ. ಬಡತನವೊಂದೇ ಕಾರಣಕ್ಕೆ ಮಗುವನ್ನು ಮನೆಯಿಂದ ಬೇರ್ಪಡಿಸಬಾರದೆಂದು 2009ರ ವಿಶ್ವಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ನಮ್ಮ ದೇಶದ ಬಾಲನ್ಯಾಯ ಕಾಯ್ದೆ 2015 ಕೂಡ ಸಂಸ್ಥೆಯಲ್ಲಿ ಇರಿಸುವುದನ್ನು ಕೊನೆಯ ದಾರಿ ಎಂದೇ ಪರಿಗಣಿಸುತ್ತದೆ.

ಮೊದಲು ನೋಂದಣಿ

ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳನ್ನು ಇರಿಸಿಕೊಳ್ಳುವ ಪ್ರತಿಯೊಂದು ಸಂಸ್ಥೆಯೂ, ಸರ್ಕಾರದ ಅನುದಾನ ಪಡೆಯಲಿ ಪಡೆಯದಿರಲಿ, ಈ ಕಾಯ್ದೆಯ 41ನೇ ಕಲಮಿನಂತೆ ನೋಂದಣಿಯಾಗಿರಬೇಕು. ನೋಂದಣಿಯ ಅವಧಿ 5 ವರ್ಷ. ಬಳಿಕ ನವೀಕರಣ ಅಗತ್ಯ. ನೋಂದಣಿ ಇಲ್ಲದೆ ನಡೆಸಿದರೆ ಹೊಣೆ ಹೊತ್ತವರಿಗೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ 1 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡನ್ನೂ ವಿಧಿಸಬಹುದು. 'ನಮ್ಮದು ಬೋರ್ಡಿಂಗ್ ಮಾತ್ರ' ಎಂಬ ಮಾತು ಇಂಥ ಮಕ್ಕಳು ಅಲ್ಲಿದ್ದರೆ ನಿಲ್ಲುವುದಿಲ್ಲ.

ಪಾಲಕರಿಲ್ಲದೆ ಒಂಟಿಯಾಗಿ ಸಿಕ್ಕಿದ ಮಗುವಿನ ವಿಷಯವನ್ನು 24 ಗಂಟೆಗಳೊಳಗೆ 1098ಕ್ಕೆ, ಪೊಲೀಸರಿಗೆ, ಮಕ್ಕಳ ಕಲ್ಯಾಣ ಸಮಿತಿಗೆ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಲೇಬೇಕು. ಮಗುವನ್ನು ಎಲ್ಲಿ ಇರಿಸಬೇಕೆಂದು ನಿರ್ಧರಿಸುವುದು ಮಕ್ಕಳ ಕಲ್ಯಾಣ ಸಮಿತಿ. ಗುರುಗಳಾಗಲಿ ಧರ್ಮಭಗಿನಿಯರಾಗಲಿ ಆ ಅಧಿಕಾರವನ್ನು ತಾವೇ ವಹಿಸಿಕೊಳ್ಳುವಂತಿಲ್ಲ. 1996ರಲ್ಲಿ ಮುಂಬೈಯಲ್ಲಿ ಸ್ವಯಂಸೇವಾ ಯತ್ನವಾಗಿ ಆರಂಭವಾದ 1098 ಸಹಾಯವಾಣಿಯನ್ನು 2023ರಲ್ಲಿ ಸರ್ಕಾರ ತನ್ನ ಕೈಗೆ ತೆಗೆದುಕೊಂಡಿದೆ.

ನೆರವಿನ ಮೂರು ಮೂಲಗಳು

1. ಸರ್ಕಾರ: 2009ರಲ್ಲಿ ಜಾರಿಗೆ ಬಂದ ಸಮಗ್ರ ಮಕ್ಕಳ ರಕ್ಷಣಾ ಯೋಜನೆಯೇ ಮುಂದೆ 'ಮಿಷನ್ ವಾತ್ಸಲ್ಯ'ವಾಯಿತು. ಇದರ ಮಾರ್ಗಸೂಚಿ ಹೊರಬಂದದ್ದು 2022ರಲ್ಲಿ. ಕರ್ನಾಟಕದಲ್ಲಿ ಕೇಂದ್ರ ಮತ್ತು ರಾಜ್ಯದ ಪಾಲು 60:40. ಸಂಸ್ಥೆಯ ಅರ್ಜಿ ಜಿಲ್ಲಾ ಘಟಕದ ಮೂಲಕ ರಾಜ್ಯಕ್ಕೆ ಹೋಗಿ, ರಾಜ್ಯದ ವಾರ್ಷಿಕ ಪ್ರಸ್ತಾವದಲ್ಲಿ ಸೇರಿ ಕೇಂದ್ರದ ಅನುಮೋದನಾ ಮಂಡಳಿಗೆ ಹೋಗುತ್ತದೆ. ನೇರವಾಗಿ ದೆಹಲಿಗೆ ಪತ್ರ ಬರೆಯುವುದರಿಂದ ಪ್ರಯೋಜನವಿಲ್ಲ.

2. ಕಂಪನಿಗಳು: 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ವಿನಿಯೋಗಿಸಬೇಕು. ಈ ಹಣ ಪಡೆಯಲು ಬಯಸುವ ಸಂಸ್ಥೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆ ಸಲ್ಲಿಸಿ ನೋಂದಣಿ ಸಂಖ್ಯೆ ಪಡೆದಿರಬೇಕು.

3. ವಿದೇಶಿ ದಾನಿಗಳು: ಜರ್ಮನಿಯ ಆಖೆನ್‌ನಲ್ಲಿರುವ ಮಿಸೆರಿಯೊರ್ 1958ರಿಂದ ಮತ್ತು ಅದೇ ನಗರದ ಕಿಂಡರ್‌ಮಿಶನ್ಸ್‌ವೆರ್ಕ್ 1846ರಿಂದ ಸೇವೆಯಲ್ಲಿವೆ. ಎರಡನೆಯದರ ನಿಧಿಗಾಗಿ ಅಲ್ಲಿನ ಮಕ್ಕಳು ಮೂವರು ಜ್ಞಾನಿಗಳ ಹಬ್ಬದ ಹೊತ್ತಿಗೆ ಮನೆಮನೆಗೆ ಹೋಗಿ ಹಾಡಿ ಹಣ ಕೂಡಿಸುತ್ತಾರೆ. ಲೆಕ್ಕ ಬರೆಯುವಾಗ ನಾವು ಇದನ್ನು ನೆನೆಯಬೇಕು. ಈ ನೆರವಿಗೆ 2010ರ ವಿದೇಶಿ ವಂತಿಗೆ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ವೆಚ್ಚ ಶೇ. 20ನ್ನು ಮೀರಬಾರದು. ಪಡೆದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಅಂದರೆ ಕರಾವಳಿಯ ಸಂಸ್ಥೆಗೆ ಬಂದ ವಿದೇಶಿ ಹಣವನ್ನು ರೋಣದ ಒಂದು ಸಂಸ್ಥೆಗೆ ದಾಟಿಸಿ ಕೆಲಸ ಮಾಡಿಸುವ ಹಳೆಯ ಪದ್ಧತಿ ಈಗ ಕಾನೂನುಬಾಹಿರ.

ಯಾವಗಲ್ಲಿನ ಮಗುವಿಗೆ ಇದು ಹೇಗೆ ಅನ್ವಯ?

ಯಾವಗಲ್ಲಿನಿಂದ ಇಬ್ಬರು ಮಕ್ಕಳ ವಿಧವೆ ತಾಯಿಯೊಬ್ಬರು ಕೂಲಿಗೆಂದು ಕರಾವಳಿಗೆ ಬಂದಿದ್ದಾರೆ ಎಂದಿಟ್ಟುಕೊಳ್ಳೋಣ. ಶಾಲೆ ಬಿಟ್ಟ ಮಕ್ಕಳು ಶೆಡ್ಡಿನಲ್ಲಿದ್ದಾರೆ. ಅವರನ್ನು ಹಾಸ್ಟೆಲಿಗೆ ಸೇರಿಸಿದರೆ ತಾಯಿ ಒಂದೆಡೆ, ಮಕ್ಕಳು ಒಂದೆಡೆ.

ಇನ್ನೊಂದು ದಾರಿ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ. 2022ರ ಮಾರ್ಗಸೂಚಿಯಂತೆ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ತಾಯಿ ವಿಧವೆ ಅಥವಾ ಪರಿತ್ಯಕ್ತೆಯಾಗಿರುವ, ಅನಾಥರಾಗಿ ಬಂಧುಗಳ ಮನೆಯಲ್ಲಿರುವ, ತಂದೆತಾಯಿ ಮಾರಕ ರೋಗಕ್ಕೆ ತುತ್ತಾಗಿರುವ ಮಕ್ಕಳು ಮುಂತಾದವರು ಅರ್ಹರು. ಕುಟುಂಬದ ವಾರ್ಷಿಕ ಆದಾಯ ಗ್ರಾಮಾಂತರದಲ್ಲಿ 72,000, ಇತರೆಡೆ 96,000 ರೂಪಾಯಿ ಮೀರಿರಬಾರದು. ಈ ಇಬ್ಬರು ಮಕ್ಕಳಿಗೆ ವರ್ಷಕ್ಕೆ 96,000 ರೂಪಾಯಿ ಸಿಕ್ಕರೆ ತಾಯಿ ಊರಲ್ಲೇ ಉಳಿದು ಮಕ್ಕಳನ್ನು ಶಾಲೆಗೆ ಕಳುಹಿಸಬಹುದು. ಅಷ್ಟು ಹಣದಲ್ಲಿ ನಾವು ಹಾಸ್ಟೆಲಿನ ಒಂದು ಕೋಣೆಯನ್ನೂ ಕಟ್ಟಲಾರೆವು. ಅರ್ಜಿಯನ್ನು ಪರಿಶೀಲಿಸಿ ಮಂಜೂರು ಮಾಡುವುದು ಕುಟುಂಬದ ಸ್ವಂತ ಜಿಲ್ಲೆಯ ಸಮಿತಿ, ಇಲ್ಲಿ ಗದಗ ಜಿಲ್ಲೆಯದು.

ಹಾಗಾದರೆ ಸಂಸ್ಥೆಗೇನು ಕೆಲಸ? ಆದಾಯ ಪತ್ರ, ಮರಣ ಪತ್ರ, ಆಧಾರ್, ಬ್ಯಾಂಕ್ ಖಾತೆ ಇಲ್ಲದೆ ಆ ತಾಯಿಯ ಅರ್ಜಿ ಕದಲದು. ಕಾಗದಪತ್ರ ಮಾಡಿಸಿಕೊಡುವ, ಎರಡು ಜಿಲ್ಲೆಗಳ ಕಚೇರಿಗಳ ನಡುವೆ ಓಡಾಡುವ, ಮಗು ಶಾಲೆಗೆ ಹೋಗುತ್ತಿದೆಯೇ ಎಂದು ನೋಡುವ ಸಮಾಜ ಕಾರ್ಯಕರ್ತರು ಬೇಕು. ತಾಯಿ ಕರಾವಳಿಯಲ್ಲೇ ಉಳಿದರೆ ಮಕ್ಕಳನ್ನು ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಬೇಕು. ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರನ್ನು ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ಇಂಥ ಕಾರ್ಯಕರ್ತರ ಸಂಬಳ, ತರಬೇತಿ ಮತ್ತು ಪ್ರಯಾಣ ವೆಚ್ಚಕ್ಕಾಗಿ ಯೋಜನೆ ಬರೆಯಿರಿ. ಸಂಸ್ಥೆಯನ್ನು ನಿಜವಾಗಿ ಬಲಪಡಿಸುವುದು ಇದೇ.

ಅರ್ಜಿಯಲ್ಲಿ ಇರಬೇಕಾದದ್ದು

- ನೀವೇ ಮನೆಮನೆಗೆ ಹೋಗಿ ಸಂಗ್ರಹಿಸಿದ ವಿವರ: ಎಷ್ಟು ಮಕ್ಕಳು, ಯಾವ ವಯಸ್ಸು, ಯಾರ ಆಸರೆ, ಶಾಲೆ ಬಿಟ್ಟ ಕಾರಣ. 'ಸಾವಿರಾರು ಮಕ್ಕಳು' ಎಂಬ ಅಂದಾಜು ಬೇಡ.
- ಅಳೆಯಬಹುದಾದ ಗುರಿ: 'ಮಕ್ಕಳ ಏಳಿಗೆ' ಎನ್ನುವ ಬದಲು 'ಎರಡು ವರ್ಷಗಳಲ್ಲಿ 40 ಮಕ್ಕಳು ಮರಳಿ ಶಾಲೆಗೆ' ಎಂದು ಬರೆಯಿರಿ.
- ಪ್ರತಿಯೊಂದು ಚಟುವಟಿಕೆಗೂ ಹೊಂದುವ ಖರ್ಚಿನ ಪಟ್ಟಿ, ಸ್ಥಳೀಯ ವಂತಿಗೆಯ ಪಾಲು.
- ಮೂರು ವರ್ಷಗಳ ಲೆಕ್ಕ ಪರಿಶೋಧನಾ ವರದಿ, ನೋಂದಣಿ ಪತ್ರಗಳು, ದರ್ಪಣ್ ಸಂಖ್ಯೆ.
- ಲಿಖಿತ ಮಕ್ಕಳ ಸುರಕ್ಷತಾ ನೀತಿ, ಸಿಬ್ಬಂದಿಯ ಪೊಲೀಸ್ ಪರಿಶೀಲನೆ. 2012ರ ಪೋಕ್ಸೊ ಕಾಯ್ದೆಯಂತೆ ದೌರ್ಜನ್ಯದ ಸುಳಿವು ಸಿಕ್ಕಿದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಂಸ್ಥೆಯ ಹೆಸರು ಉಳಿಸಲೆಂದು ಮುಚ್ಚಿಡುವುದು ಅಪರಾಧ, ಪಾಪವೂ ಹೌದು.
- ಸೇವೆಯಲ್ಲಿ ಜಾತಿ-ಮತದ ಭೇದವಿಲ್ಲ, ಮಗುವಿನ ಧರ್ಮಕ್ಕೆ ಧಕ್ಕೆಯಿಲ್ಲ ಎಂಬ ಸ್ಪಷ್ಟ ಮಾತು, ಅದರಂತೆ ನಡೆ.
- ಹಣ ನಿಂತ ಮೇಲೆ ಕೆಲಸ ಹೇಗೆ ಮುಂದುವರಿಯುತ್ತದೆ ಎಂಬ ಪ್ರಾಮಾಣಿಕ ಉತ್ತರ.

ಮಗುವಿನ ಹೆಸರು, ಊರು, ಮುಖ ಗುರುತಾಗುವ ಚಿತ್ರಗಳನ್ನು ಅರ್ಜಿಯಲ್ಲಾಗಲಿ ಪತ್ರಿಕೆಯಲ್ಲಾಗಲಿ ಬಳಸಬೇಡಿ. ಮೊತ್ತ ಮತ್ತು ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಸಲ್ಲಿಸುವ ಮೊದಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. 1974ರಿಂದ ಸೇವೆಯಲ್ಲಿರುವ ಮಂಗಳೂರು ಧರ್ಮಪ್ರಾಂತ್ಯದ ಸಿಒಡಿಪಿಯಂಥ ಸಾಮಾಜಿಕ ಸೇವಾ ಸಂಸ್ಥೆಗಳ ಅನುಭವವನ್ನೂ ಕೇಳಿ ತಿಳಿಯಬಹುದು.

ಧರ್ಮಕೇಂದ್ರದ ಪಾಲು

ಪ್ರಾಜೆಕ್ಟ್ ಬರೆಯುವುದು ಎಲ್ಲರಿಂದ ಆಗದು. ಆದರೆ ಪ್ರತಿಯೊಂದು ವಾಳೆಯಲ್ಲೂ ಹೊರಗಿನಿಂದ ಬಂದ ಕೂಲಿ ಕುಟುಂಬಗಳೆಷ್ಟು, ಅವರಲ್ಲಿ ಶಾಲೆಗೆ ಹೋಗದ ಮಕ್ಕಳೆಷ್ಟು ಎಂದು ಎಣಿಸುವುದು ಪಾಲನಾ ಪರಿಷತ್ತಿನಿಂದ ಆಗುವ ಕೆಲಸ. ತಮ್ಮಲ್ಲಿ ಯಾರು ದೊಡ್ಡವರೆಂದು ಶಿಷ್ಯರು ವಾದಿಸುತ್ತಿದ್ದಾಗ ಪ್ರಭು ಯೇಸು ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸಿದರು. ನಮ್ಮ ಅರ್ಜಿಗಳ ನಡುವೆಯೂ ಆ ಮಗು ನಿಲ್ಲಲಿ. ಮುಂದಿನ ಪರಿಷತ್ ಸಭೆಯಲ್ಲಿ ಕಟ್ಟಡದ ನಕ್ಷೆ ಬಿಡಿಸುವ ಮೊದಲು ಈ ಎಣಿಕೆಯ ಪಟ್ಟಿ ಮೇಜಿನ ಮೇಲಿರಲಿ ಎಂದು ಕೋರುತ್ತೇವೆ.