ರೈಟ್ ಟೈಮ್

ರೈಲು ವೇಳಾಪಟ್ಟಿಯ ಹೊತ್ತಿಗೇ ಓಡುತ್ತಿದೆ ಎನ್ನಲು ಬಳಕೆಯಾಗುವ ಇಂಗ್ಲಿಷ್ ನುಡಿ. ರೈಲ್ವೆ ನೌಕರರ ಮಾತಿನಿಂದ ಪ್ರಯಾಣಿಕರ ಕನ್ನಡಕ್ಕೆ ಇಳಿದದ್ದು. ಬೆಂಗಳೂರು–ಹುಬ್ಬಳ್ಳಿ ಮಾರ್ಗವು ಕಡೂರು ದಾಟಿ ಬೀರೂರಿನಲ್ಲಿ ಕವಲೊಡೆಯುತ್ತದೆ: ಒಂದು ಹಳಿ ಅಜ್ಜಂಪುರದ ಮೇಲೆ ದಾವಣಗೆರೆಗೆ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ. ಇಂಥ ಊರುಗಳಲ್ಲಿ ‘ಗಾಡಿ ರೈಟ್ ಟೈಮಾ?’ ಎಂದರೆ ಸಾಕು, ಉತ್ತರ ‘ರೈಟ್ ಟೈಮ್’ ಅಥವಾ ‘ಅರ್ಧ ಗಂಟೆ ಲೇಟು’.

ಇದನ್ನು ‘ಸರಿಯಾದ ಸಮಯ’ ಎಂದು ಕನ್ನಡಿಸಿದರೆ ಅರ್ಥ ಜಾರುತ್ತದೆ. ಅದು ತಕ್ಕ ಸಂದರ್ಭ, ಒಳ್ಳೆಯ ಗಳಿಗೆ ಎಂಬುದನ್ನು ಸೂಚಿಸುತ್ತದೆ. ‘ನಿಗದಿತ ಸಮಯ’ ಹೆಚ್ಚು ಹತ್ತಿರದ್ದು, ಆದರೆ ಅದು ಪ್ರಕಟಣೆಯ ಭಾಷೆ. ಬಸ್ ನಿರ್ವಾಹಕರ ‘ರೈಟ್ ರೈಟ್’ ಬೇರೆಯೇ: ಅದು ಹೊರಡುವ ಸೂಚನೆ.

ಇಲ್ಲಿನ ‘ರೈಟ್’ ಗಡಿಯಾರಕ್ಕೆ ಸಲ್ಲುತ್ತದೆ, ಸೂರ್ಯನಿಗಲ್ಲ. 1906ರಲ್ಲಿ ಜಾರಿಗೆ ಬಂದ ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿದೆ. ಕಡೂರು 76 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ಅಲ್ಲಿ ಸೂರ್ಯ ನೆತ್ತಿಗೆ ಬರುವಾಗ ನಿಲ್ದಾಣದ ಗಡಿಯಾರ ಸರಾಸರಿ 12.26 ತೋರಿಸುತ್ತದೆ.